ಹೊಗೆ ಕವಿಯುವ ಮುನ್ನ ಪಾಠ ಕಾಪಿಡುವ ಯೋಜನೆ

2024ರ ನವೆಂಬರ್‌ನಲ್ಲಿ ದೆಹಲಿ ಸುತ್ತಮುತ್ತಲ ಗಾಳಿ ಉಸಿರಾಡಲಾಗದಷ್ಟು ಕೆಟ್ಟಿತು. ಹನ್ನೆರಡನೇ ತರಗತಿವರೆಗಿನ ನೇರ ತರಗತಿಗಳನ್ನು ನಿಲ್ಲಿಸುವ ತೀರ್ಮಾನವನ್ನು ಕೂಡಲೇ ಕೈಗೊಳ್ಳುವಂತೆ ಸುಪ್ರೀಂ ಕೋರ್ಟ್ ನವೆಂಬರ್ 18ರಂದು ರಾಜಧಾನಿ ವಲಯದ ರಾಜ್ಯಗಳಿಗೆ ಹೇಳಿತು. ದೆಹಲಿಗೆ ತಾಗಿದ ಹರಿಯಾಣದ ಗುರುಗ್ರಾಮದ ಶಾಲೆಗಳು ಆನ್‌ಲೈನ್‌ಗೆ ಸರಿದವು. 2021ರ ನವೆಂಬರ್‌ನಲ್ಲೂ ಹರಿಯಾಣ ಸರ್ಕಾರ ಗುರುಗ್ರಾಮ ಸೇರಿದಂತೆ ನಾಲ್ಕು ಜಿಲ್ಲೆಗಳಲ್ಲಿ ಶಾಲೆಗಳನ್ನು ಮುಚ್ಚಿತ್ತು. 2016ರ ಜುಲೈ ಕೊನೆಯಲ್ಲಿ ಮಳೆನೀರು ನಿಂತು ಗುರುಗ್ರಾಮದ ಹೀರೋ ಹೋಂಡಾ ಚೌಕದ ಸುತ್ತ ವಾಹನಗಳು ಗಂಟೆಗಟ್ಟಲೆ ಅಲುಗಾಡದಿದ್ದಾಗಲೂ ಶಾಲೆಗಳಿಗೆ ರಜೆ ಕೊಡಬೇಕಾಯಿತು.

ಇಂಥ ನಗರದ ಕಾಲೇಜಿಗೆ ಪಾಠಗಳನ್ನು ರೆಕಾರ್ಡ್ ಮಾಡಿಡುವ ವ್ಯವಸ್ಥೆ ಶೋಕಿಯಲ್ಲ, ಅಗತ್ಯ. ತುರ್ತಿಗೆಂದು ನಡೆಸುವ ಆನ್‌ಲೈನ್ ತರಗತಿ ಆ ಗಂಟೆಗೇ ಮುಗಿದುಹೋಗುತ್ತದೆ. ರೆಕಾರ್ಡ್ ಆದ ಪಾಠ ಪರೀಕ್ಷೆಯವರೆಗೂ ಕೈಗೆ ಸಿಗುತ್ತದೆ. ಆದರೆ ಯೋಜನೆಯ ಮೊದಲ ಸಭೆಯಲ್ಲೇ ‘ಎಷ್ಟು ಕ್ಯಾಮೆರಾ ಬೇಕು?’ ಎಂದು ಕೇಳಿದರೆ ದಾರಿ ತಪ್ಪಿತೆಂದೇ ಅರ್ಥ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಪಾಠ ಮಾಡುವವರು ಇದಕ್ಕೆ ಒಪ್ಪಿದ್ದಾರೆಯೇ? ಎಲ್ಲರಿಗಿಂತ ಕಡಿಮೆ ಅನುಕೂಲವಿರುವ ವಿದ್ಯಾರ್ಥಿಗೆ ಇದು ತಲುಪುತ್ತದೆಯೇ?

ಕರ್ನಾಟಕ ಕಂಡ ಎರಡು ಪ್ರಯೋಗ

ಸಲಕರಣೆಗಿಂತ ಈ ಎರಡು ಪ್ರಶ್ನೆಗಳೇ ಮುಖ್ಯ ಎಂಬುದಕ್ಕೆ ನಮ್ಮ ಕನ್ನಡ ನಾಡಿನಲ್ಲೇ ಸಾಕ್ಷಿಯಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳು ಬಂದವು. ‘ಸೈಟ್’ ಎಂಬ ಹೆಸರಿನ ಈ ಪ್ರಯೋಗದಲ್ಲಿ ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಅವುಗಳಿಗೆಂದು ಕನ್ನಡದ ಕಾರ್ಯಕ್ರಮಗಳಿದ್ದವು. ಕೆಟ್ಟ ಟಿವಿ ರಿಪೇರಿಗೆ ಯಾರು ಹೋಗಬೇಕೆಂಬುದು ಮೊದಲೇ ನಿಗದಿಯಾಗಿತ್ತು. ನೋಡುವವರಿಗೆ ಏನು ಹಿಡಿಸಿತು, ಏನು ಅರ್ಥವಾಗಲಿಲ್ಲ ಎಂದು ತಿಳಿಯಲು ಸಂಶೋಧಕರು ಹಳ್ಳಿಗಳಲ್ಲೇ ಉಳಿದಿದ್ದರು.

ಎರಡನೆಯದು ಎಜುಸ್ಯಾಟ್. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಈ ಉಪಗ್ರಹವನ್ನು ಇಸ್ರೋ ಶಿಕ್ಷಣಕ್ಕೆಂದೇ ರೂಪಿಸಿತ್ತು. ಅದರ ಮೊದಲ ಪ್ರಯೋಗಕ್ಕೆ ಆಯ್ದ ಸಂಸ್ಥೆಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. ದೇಶದಾದ್ಯಂತ ಈ ಯೋಜನೆ ನಡೆದ ಬಗೆಯನ್ನು ಪರಿಶೀಲಿಸಿದ ಮಹಾಲೇಖಪಾಲರು 2013ರ ವರದಿಯಲ್ಲಿ ಕೊರತೆಗಳನ್ನು ಎತ್ತಿ ತೋರಿಸಿದರು. ಹಲವೆಡೆ ಪಾಠ ತಲುಪಿಸುವ ಜಾಲಗಳು ಕೆಲಸವಿಲ್ಲದೆ ಬಿದ್ದಿದ್ದವು, ಬಿತ್ತರಿಸಲು ಸಾಕಷ್ಟು ಪಾಠಗಳೇ ಸಿದ್ಧವಾಗಿರಲಿಲ್ಲ. ಉಪಗ್ರಹ ಆಕಾಶದಲ್ಲಿತ್ತು, ಪಾಠ ಹೇಳುವವರ ತಯಾರಿ ನೆಲದ ಮೇಲೆ ಸಾಲದಾಗಿತ್ತು. 2010ರಲ್ಲಿ ಎಜುಸ್ಯಾಟ್ ಸೇವೆ ಮುಗಿಸಿದಾಗ ಅದನ್ನೇ ನಂಬಿದ್ದ ಜಾಲಗಳು ಬೇರೆ ಉಪಗ್ರಹಕ್ಕೆ ಕಾಯಬೇಕಾಯಿತು. ಒಂದೇ ಕಂಪನಿಯ ಸಾಫ್ಟ್‌ವೇರಿಗೆ ಎಲ್ಲ ಪಾಠಗಳನ್ನೂ ಒಪ್ಪಿಸುವ ಕಾಲೇಜು ಈ ಮಾತನ್ನು ಮರೆಯಬಾರದು. ಒಪ್ಪಂದ ಮುಗಿದ ದಿನ ವಿಡಿಯೊಗಳನ್ನು ಸಾಮಾನ್ಯ ಮಾದರಿಯಲ್ಲಿ ಹಿಂದಕ್ಕೆ ಕೊಡಬೇಕೆಂಬ ಷರತ್ತು ಟೆಂಡರ್‌ನಲ್ಲೇ ಇರಬೇಕು. ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಬೆಳೆಸಿದ ‘ಓಪನ್‌ಕಾಸ್ಟ್’ ಎಂಬ ಮುಕ್ತ ತಂತ್ರಾಂಶವನ್ನೂ ತೂಗಿ ನೋಡಬೇಕು.

ಕಿವಿಗೆ ಮೊದಲ ಖರ್ಚು

ಚಿತ್ರ ಮಸುಕಾದರೂ ಪಾಠ ಅರ್ಥವಾಗುತ್ತದೆ, ಮಾತು ಕೇಳದಿದ್ದರೆ ಏನೂ ಉಳಿಯುವುದಿಲ್ಲ. ಆದ್ದರಿಂದ ಹಣದ ಮೊದಲ ಪಾಲು ಮೈಕಿಗೆ ಹೋಗಲಿ. ಮೇಷ್ಟರ ಕೊರಳಪಟ್ಟಿಗೆ ಒಂದು, ವಿದ್ಯಾರ್ಥಿಗಳ ಪ್ರಶ್ನೆಗೆ ಇನ್ನೊಂದು. ಕರಿಹಲಗೆ ಬಳಸುವವರ ಕೋಣೆಯಲ್ಲಿ ಹಲಗೆಯ ಮೇಲೆ ಸಮನಾಗಿ ಬೀಳುವ ಬೆಳಕು ದುಬಾರಿ ಕ್ಯಾಮೆರಾಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿಡಿಯೊ ಕೂಡಿಡಲು ಬೇಕಾದ ಜಾಗದ ಲೆಕ್ಕವನ್ನೂ ಮೊದಲೇ ಹಾಕಬೇಕು. ಸೆಕೆಂಡಿಗೆ 4 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಯ ಪಾಠ 1.8 ಜಿಬಿ ಆಗುತ್ತದೆ. 20 ಕೋಣೆಗಳಲ್ಲಿ ದಿನಕ್ಕೆ ಆರು ಗಂಟೆಯಂತೆ 216 ಜಿಬಿ. 180 ದಿನಗಳಿಗೆ ಸುಮಾರು 39 ಟಿಬಿ, ಇನ್ನೊಂದು ಪ್ರತಿ ಇಟ್ಟರೆ ಅದರ ಎರಡರಷ್ಟು. ಯಾವ ಪಾಠವನ್ನು ಎಷ್ಟು ವರ್ಷ ಇಡಬೇಕೆಂದು ತೀರ್ಮಾನಿಸದ ಸಂಸ್ಥೆ ಮೂರನೇ ವರ್ಷಕ್ಕೆ ಡಿಸ್ಕ್ ಕೊಳ್ಳುತ್ತಲೇ ಇರಬೇಕಾಗುತ್ತದೆ. 2023ರ ಅಕ್ಟೋಬರ್ 1ರಿಂದ ರಾಜಧಾನಿ ವಲಯದಲ್ಲಿ ಡೀಸೆಲ್ ಜನರೇಟರ್ ಬಳಕೆಯ ನಿಯಮಗಳು ಬಿಗಿಯಾಗಿವೆ. ಕರೆಂಟ್ ಹೋದಾಗ ಸರ್ವರ್ ಉಳಿಸಲು ಬ್ಯಾಟರಿಯ ಏರ್ಪಾಡೂ ಲೆಕ್ಕಕ್ಕೆ ಸೇರಬೇಕು.

ಮೇಷ್ಟರ ಒಪ್ಪಿಗೆ

2021ರಲ್ಲಿ ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ತನ್ನ ಕಲಾ ಇತಿಹಾಸದ ಪ್ರಾಧ್ಯಾಪಕರಿಗೆ ಇಮೇಲ್ ಬರೆಯಲು ಹೊರಟಾಗ, ಅವರು 2019ರಲ್ಲೇ ತೀರಿಕೊಂಡಿದ್ದಾರೆಂದು ತಿಳಿಯಿತು. ಫ್ರಾನ್ಸ್ವಾ-ಮಾರ್ಕ್ ಗಾನ್ಯೋ ಅವರ ವಿಡಿಯೊಗಳ ಮೇಲೆಯೇ ಕೋರ್ಸ್ ಸಾಗಿತ್ತು. ಪಾಠ ಮಾಡಿದವರ ಪಾಠದ ಮೇಲೆ ಯಾರಿಗೆ ಎಷ್ಟು ಕಾಲ ಅಧಿಕಾರವೆಂಬ ಪ್ರಶ್ನೆಯನ್ನು ಈ ಸುದ್ದಿ ಜಗತ್ತಿನ ಮುಂದಿಟ್ಟಿತು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಉಪನ್ಯಾಸ ನೀಡುವವರನ್ನು ನಟರು, ಗಾಯಕರ ಜೊತೆಗೆ ಪ್ರದರ್ಶಕರ ಸಾಲಿನಲ್ಲಿಯೇ ಎಣಿಸಿ, 50 ವರ್ಷಗಳ ಹಕ್ಕು ಕೊಟ್ಟಿದೆ. ನೌಕರಿಯ ಭಾಗವಾಗಿ ಬರೆದ ಕೃತಿಯ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗ ಕೊಟ್ಟವರದೆಂದೂ ಅದೇ ಕಾಯ್ದೆ ಹೇಳುತ್ತದೆ. ಈ ಎರಡು ಹಕ್ಕುಗಳೂ ಇರುವಾಗ ಬರಹದ ಒಪ್ಪಂದವೇ ದಾರಿ. ವಿಡಿಯೊ ಯಾರು ನೋಡಬಹುದು, ಮೇಷ್ಟರು ಬೇಡವೆಂದ ಭಾಗ ತೆಗೆಯಬಹುದೇ, ಅವರು ಕೆಲಸ ಬಿಟ್ಟ ಮೇಲೆ ಬಳಸಬಹುದೇ, ಅವರ ಕಾರ್ಯವೈಖರಿ ಅಳೆಯಲು ಬಳಸುವುದಿಲ್ಲವೆಂದು ಸಂಸ್ಥೆ ಮಾತು ಕೊಡುತ್ತದೆಯೇ ಎಂಬುದೆಲ್ಲ ಅದರಲ್ಲಿರಬೇಕು. ತನ್ನ ಮೇಲೆ ಕಾವಲಿದೆ ಎನಿಸಿದ ಗುರುವಿನಿಂದ ಒಳ್ಳೆಯ ಪಾಠ ಹೊರಡುವುದಿಲ್ಲ.

ವಿದ್ಯಾರ್ಥಿಗಳ ಮುಖ, ಧ್ವನಿಗಳಿಗೂ ರಕ್ಷಣೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಕಾಲೇಜಿನ ಮೊದಲ ವರ್ಷದಲ್ಲಿ ಹದಿನೇಳರ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಕ್ಯಾಮೆರಾದ ನೋಟ ಬೆಂಚುಗಳತ್ತ ತಿರುಗದಂತೆ ಮೊದಲೇ ಕೂರಿಸಿದರೆ ಅರ್ಧ ಚಿಂತೆ ಕಳೆಯುತ್ತದೆ.

ನೂಹ್‌ವರೆಗೆ ತಲುಪಬೇಕು

ಗುರುಗ್ರಾಮದ ಗಾಜಿನ ಕಟ್ಟಡಗಳಿಗೆ ತಾಗಿಯೇ ನೂಹ್ ಜಿಲ್ಲೆಯಿದೆ. ನೀತಿ ಆಯೋಗ ದೇಶದ ಅತಿ ಹಿಂದುಳಿದ ಜಿಲ್ಲೆಗಳ ಸಾಲಿನಲ್ಲಿ ಹೆಸರಿಸಿದ ಜಿಲ್ಲೆ ಅದು. ಅಲ್ಲಿಂದ ಬರುವ ವಿದ್ಯಾರ್ಥಿನಿಗೆ 1.8 ಜಿಬಿಯ ವಿಡಿಯೊ ಕಳಿಸಿದರೆ ಆಕೆಯ ದಿನದ ಡೇಟಾ ಬಹುಪಾಲು ಒಂದೇ ಪಾಠಕ್ಕೆ ಮುಗಿಯುತ್ತದೆ. ಅದೇ ಪಾಠದ ಬರೀ ಧ್ವನಿ 30 ಎಂಬಿಗಿಂತ ಕಡಿಮೆ. ಧ್ವನಿ, ಹಲಗೆಯ ಚಿತ್ರಗಳು, ಕಡಿಮೆ ಗಾತ್ರದ ವಿಡಿಯೊ ಈ ಮೂರನ್ನೂ ಡೌನ್‌ಲೋಡ್‌ಗೆ ಇಡುವುದನ್ನು ದಾನವೆಂದು ತಿಳಿಯದೆ ಕಡ್ಡಾಯ ಮಾಡಬೇಕು. ಕಿವಿ ಕೇಳದವರಿಗೆ ಬೇಕಾದ ಅಡಿಬರಹವೂ ಹಾಗೆಯೇ.

ಕಾಲಪಟ್ಟಿಯನ್ನು ಇಲ್ಲಿಯ ಹವೆಯೇ ಬರೆದುಕೊಡುತ್ತದೆ. ಜನವರಿಯಲ್ಲಿ ಒಪ್ಪಂದದ ಕರಡು, ಫೆಬ್ರುವರಿ–ಮಾರ್ಚ್‌ನಲ್ಲಿ ತಾವಾಗಿ ಮುಂದೆ ಬಂದ ಮೇಷ್ಟರೊಡನೆ ಮೂರು ನಾಲ್ಕು ಕೋಣೆಗಳಲ್ಲಿ ಪ್ರಯೋಗ, ಬೇಸಿಗೆ ರಜೆಯಲ್ಲಿ ಅಳವಡಿಕೆ, ಆಗಸ್ಟ್‌ನಲ್ಲಿ ಆರಂಭ. ಅಕ್ಟೋಬರ್ ಹೊತ್ತಿಗೆ ಎಲ್ಲರ ಕೈ ಪಳಗಿರಬೇಕು. ನವೆಂಬರ್‌ನಲ್ಲಿ ಹೊಸದಾಗಿ ಕಲಿಯಲು ಸಮಯವಿರುವುದಿಲ್ಲ.

ವರ್ಷದ ಕೊನೆಗೆ ಆಡಳಿತ ಮಂಡಳಿ ಎಷ್ಟು ಸಾವಿರ ಗಂಟೆ ರೆಕಾರ್ಡ್ ಆಯಿತೆಂದು ಎಣಿಸಿ ತೃಪ್ತಿಪಡುವುದು ಬೇಡ. ಯಾವ ಹತ್ತು ನಿಮಿಷಗಳನ್ನು ತರಗತಿ ಮತ್ತೆ ಮತ್ತೆ ನೋಡಿತೆಂಬುದನ್ನು, ಯಾರ ಹೆಸರೂ ಹೊರಬಾರದಂತೆ, ಮೇಷ್ಟರಿಗೆ ತಿಳಿಸಲಿ. ಅರ್ಥವಾಗದ ಜಾಗ ಅದೇ. ಆ ಹತ್ತು ನಿಮಿಷದ ವಿಷಯವನ್ನು ಅವರು ಮರುವರ್ಷ ಬೇರೆ ರೀತಿಯಲ್ಲಿ ವಿವರಿಸಿದರೆ ಹಾಕಿದ ಹಣ ಸಾರ್ಥಕ.