ಏಕತಾರಿ ಕೈಯಾಗ ಐತಿ, ಕಿವಿಗೆ ಬೀಳವಲ್ದು!
ಭಜನಿ ಮ್ಯಾಳಗಳಿಗೆ ಗಿಟಾರ್‌ನವರ ಉಪಾಯ: ಪಿಕಪ್‌ಗೆ ಮೈಕಿನ ಜೋಡಿ

ಉಮದಿ (ತಾ. ಜತ್ತ): ಸಪ್ತಾಹ ಇರಲಿ, ಜಾತ್ರಿ ಇರಲಿ, ಅಮಾವಾಸ್ಯೆ ಭಜನಿ ಇರಲಿ, ಏಕತಾರಿ ಹಿಡಿದವರು ಕೂಡ್ರೂದು ಪದ ಹೇಳುವವರ ಮಗ್ಗಲಕ್ಕೇ. ಆದರೆ ಅವರ ದನಿ ಎರಡನೇ ಸಾಲಿಗೂ ಮುಟ್ಟುವುದಿಲ್ಲ. ಪೇಟಿಗೆ ಒಂದು ಮೈಕ್, ಢೋಲಕಿಗೆ ಎರಡು, ಕ್ಯಾಶಿಯೋದ ವಾಯರ್ ನೇರ ಮಿಕ್ಸರ್‌ಗೆ. ಏಕತಾರಿಯ ಪಾಲಿಗೆ ಉಳಿಯೂದು ಬೆರಳಾಡಿಸುವ ಕೆಲಸ ಅಷ್ಟೇ. ಯಾರೋ ಮೈಕ್ ಹತ್ತಿರ ತಂದರೆ ಸ್ಪೀಕರ್ 'ಕುಂಯ್' ಅನ್ನುತ್ತದೆ, ಸೌಂಡ್‌ನವರು ಓಡಿ ಬಂದು ಬಂದ್ ಮಾಡುತ್ತಾರೆ.

ಉಮದಿಯಂಥ ಊರಿಗೆ ಇದು ಸಣ್ಣ ಮಾತಲ್ಲ. ಭಾವುಸಾಹೇಬ ಮಹಾರಾಜರು (1843–1914) ಈ ಊರಿನವರು. ಅವರ ಮಠ ಇರುವುದು ಗಡಿಯಾಚೆಯ ಇಂಚಗೇರಿಯಲ್ಲಿ. ಆ ಪರಂಪರೆಯ ಭಜನೆಯಲ್ಲಿ ಕನ್ನಡ ಪದ, ಮರಾಠಿ ಅಭಂಗ ಎರಡೂ ಇವೆ. ಪದದ ಭಾಷೆ ಬದಲಾದರೂ ಹಿಂದೆ ಮೀಟುವ ಶ್ರುತಿ ಒಂದೇ. ಆ ಶ್ರುತಿಯೇ ಕೇಳದಿದ್ದರೆ ಹೇಳುವವರು ಕ್ಯಾಶಿಯೋದ ಬೆನ್ನು ಹತ್ತುತ್ತಾರೆ, ಪದ ಸಿನಿಮಾ ಹಾಡಿನ ದಾರಿ ಹಿಡಿಯುತ್ತದೆ.

ಇನ್ನೊಂದು ವಿಚಿತ್ರ ನೋಡಿ. ತಂಬೂರಿ ಮಾಡುವ ಊರು ದೂರದ್ದಲ್ಲ, ನಮ್ಮ ಸಾಂಗಲಿ ಜಿಲ್ಲೆಯದೇ ಮೀರಜ. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಕುಂದಗೋಳದ ಸವಾಯಿ ಗಂಧರ್ವರು ಅವರದೇ ಶಿಷ್ಯರು. ಮೊದಲು ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ವಾದ್ಯದ ಕಸುಬಿಗೆ ಇಳಿದವು. ಮೀರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಅದಕ್ಕೆ ಬೇಕಾದ ಬುರುಡೆ ಬೆಳೆಯೂದು ಪಂಢರಪುರ, ಮಂಗಳವೇಢೆ ಕಡೆಯ ಹೊಲದಾಗ. ನಮ್ಮ ಮಗ್ಗಲದ ಬುರುಡೆ ಮೀರಜಕ್ಕ ಹೋಗಿ ತಂಬೂರಿಯಾಗಿ ಬರ್ತದ, ಊರಿಗೆ ಬಂದು ಸ್ಪೀಕರ್ ಮುಂದ ಮೂಕಾಗ್ತದ.

ಗಿಟಾರ್‌ಗೂ ಇದೇ ಗೋಳು

ಕಟ್ಟಿಗೆ ಗಿಟಾರ್‌ನವರು ಈ ಗೋಳನ್ನು ಮೊದಲೇ ಉಂಡವರು. ಬ್ಯಾಂಡಿನ ಗದ್ದಲದಲ್ಲಿ ಅವರ ದನಿಯೂ ಮುಳುಗುತ್ತಿತ್ತು. 1960ರ ದಶಕದ ಕೊನೆಗೆ ಅಮೆರಿಕದ ಓವೇಶನ್ ಕಂಪನಿ ತಂತಿಯ ಕೆಳಗೇ ಪಿಯೆಝೊ ಪಿಕಪ್ ಕೂಡ್ರಿಸಿ ಗಿಟಾರ್ ಮಾರಿತು. ಒತ್ತಿದರೆ ಕರೆಂಟ್ ಹುಟ್ಟಿಸುವ ಹರಳಿನ ಗುಣವಿದು, 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡದ್ದು. ಪಿಕಪ್ ಗಾಳಿಯ ಸದ್ದನ್ನು ಹೆಚ್ಚು ಹಿಡಿಯುವುದಿಲ್ಲ, ಅಲುಗಾಟ ಹಿಡಿಯುತ್ತದೆ. ಹಂಗಾಗಿ ಬೇಗ 'ಕುಂಯ್' ಅನ್ನುವುದಿಲ್ಲ. ಆದರೆ ದನಿ ಮಾತ್ರ ಡಬ್ಬಿಯ ಮೇಲೆ ರಬ್ಬರ್ ಕಟ್ಟಿ ಮೀಟಿದಂಗ.

ಗಿಟಾರ್‌ನ ಹೊಟ್ಟೆಯೊಳಗೆ ಸಣ್ಣ ಮೈಕ್ ಇಟ್ಟರೆ ಕಟ್ಟಿಗೆಯ ದನಿ ಬರುತ್ತದೆ, ಸ್ಪೀಕರ್‌ನ ಕೂಗೂ ಬರುತ್ತದೆ. ಕಡೆಗೆ ಎರಡನ್ನೂ ಕೂಡಿಸಿದರು. ಫಿಶ್‌ಮನ್, ಎಲ್.ಆರ್. ಬ್ಯಾಗ್ಸ್‌ನಂಥ ಕಂಪನಿಗಳು ಒಂದೇ ಸೆಟ್‌ನಲ್ಲಿ ಎರಡನ್ನೂ ಕೊಡುತ್ತವೆ. ಗುಟ್ಟು ಇರೂದು ಕೆಲಸದ ಹಂಚಿಕೆಯಲ್ಲಿ. ಸುಮಾರು 250 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ದನಿ ಪಿಕಪ್‌ನ ಪಾಲು, ಮೇಲಿನದು ಮೈಕಿನ ಪಾಲು. ಹೊಟ್ಟೆಯೊಳಗಿನ ಗಾಳಿ ಗುಂಯ್‌ಗುಟ್ಟುವುದು ಹೆಚ್ಚಾಗಿ ಕೆಳಗಿನ ಸ್ವರಗಳಲ್ಲೇ. ಅಲ್ಲಿ ಮೈಕನ್ನು ಕತ್ತರಿಸಿದರೆ ಅರ್ಧ ತ್ರಾಸು ಹೋಯಿತು.

ಬುರುಡೆಗೆ ತೂತು ಬೇಡ

ಇದನ್ನೇ ಏಕತಾರಿ, ತಂಬೂರಿಗೆ ಹಚ್ಚಬಹುದು. ಫರಕ್ ಒಂದೇ. ಗಿಟಾರ್‌ನ ಎದೆಯಲ್ಲಿ ದೊಡ್ಡ ತೂತಿದೆ, ತಂಬೂರಿಗೆ ಅದಿಲ್ಲ. ಮೈಕ್ ಇಡಲಿಕ್ಕಂತ ಹಳೆಯ ಬುರುಡೆ ಕೊರೆದರೆ ವಾದ್ಯ ಕೆಟ್ಟಂತೆಯೇ. ಅದಕ್ಕೆ ಬಿಲ್ಲೆಯಂಥ ಪಿಯೆಝೊವನ್ನು ಕುದುರೆಯ (ಮರಾಠಿಯ ಘೋಡಿ) ಹತ್ತಿರ, ಮುಂದಿನ ಹಲಗೆಗೆ, ಬಿಡಿಸಿ ತೆಗೆಯಲು ಬರುವಂಥ ಅಂಟಿನಿಂದ ಕೂಡ್ರಿಸುವುದು. ಸಣ್ಣ ಕಾಲರ್ ಮೈಕನ್ನು ಹಲಗೆಯಿಂದ ಮೂರ್ನಾಲ್ಕು ಬೆರಳು ದೂರ ಹೊರಗೇ ಕಟ್ಟುವುದು.

ಬಿಲ್ಲೆಯ ಕಿಮ್ಮತ್ತು ಎಲೆಕ್ಟ್ರಾನಿಕ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಮೋಸ ಹೋಗುವುದು ಅದರ ಮುಂದಿನ ಹಂತದಲ್ಲಿ. ಬಿಲ್ಲೆಯ ವಾಯರನ್ನು ನೇರವಾಗಿ ಮಿಕ್ಸರ್‌ನ ಮೈಕ್ ತೂತಿಗೆ ಹಾಕಿದರೆ ದಪ್ಪ ದನಿಯೆಲ್ಲ ಸೋರಿಹೋಗಿ ಕಿರಿಕಿರಿ ಒಂದೇ ಉಳಿಯುತ್ತದೆ. ನಡುವೆ 1 ಮೆಗಾಓಮ್ ಇಲ್ಲವೇ ಅದಕ್ಕೂ ಮೇಲಿನ ಇನ್‌ಪುಟ್ ಇರುವ ಪ್ರೀಆಂಪ್ ಬೇಕೇ ಬೇಕು. ಗಿಟಾರ್ ಸಾಮಾನು ಮಾರುವವರ ಹತ್ತಿರ 9 ವೋಲ್ಟ್ ಬ್ಯಾಟರಿಯವು ಸಿಗುತ್ತವೆ. 'ಪಿಕಪ್ ಹಾಕಿದ್ವಿ, ಚಲೋ ಬರಲಿಲ್ಲ' ಅಂತ ಕಿತ್ತು ಒಗೆದವರು ಮೊದಲು ಇದನ್ನು ನೋಡಬೇಕು.

ಎರಡನೇ ತಪ್ಪು ಕಿವಿಗೆ ತಟ್ಟನೆ ಹೊಳೆಯುವುದಿಲ್ಲ. ಪಿಕಪ್ ಒಂದೇ ಇದ್ದಾಗ ದನಿ ತುಂಬಿರುತ್ತದೆ, ಮೈಕ್ ಒಂದೇ ಇದ್ದಾಗಲೂ ತುಂಬಿರುತ್ತದೆ, ಎರಡೂ ಕೂಡಿದಾಗ ಮಾತ್ರ ಬಡಕಲು. ಒಂದು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಜಗ್ಗುತ್ತಿರುತ್ತದೆ, ಒಂದನ್ನೊಂದು ತಿಂದುಹಾಕುತ್ತವೆ. ಮಿಕ್ಸರ್‌ನಲ್ಲೋ ಪ್ರೀಆಂಪ್‌ನಲ್ಲೋ ಫೇಜ್ ಬಟನ್ ಇದ್ದರೆ ಒಮ್ಮೆ ಒತ್ತಿ ನೋಡಿ, ಯಾವ ಕಡೆ ದನಿ ತುಂಬುತ್ತದೋ ಅಲ್ಲೇ ಬಿಡಿ. ಬಟನ್ ಇಲ್ಲದಿದ್ದರೆ ಮೈಕನ್ನು ಒಂದೆರಡು ಬೆರಳು ಆಚೀಚೆ ಸರಿಸಿದರೂ ಫರಕ್ ಬೀಳುತ್ತದೆ.

ದಪ್ಪ ದನಿ ಏರಿಸುವ ಚಟವೂ ಬಿಡಬೇಕು. ಶ್ರುತಿ ಕಾಳಿ ಒಂದಕ್ಕೆ ಇದ್ದರೆ ತಂಬೂರಿಯ ಮಂದ್ರ ಷಡ್ಜ ಸುಮಾರು 70 ಹರ್ಟ್ಜ್. ಸಣ್ಣ ಸ್ಪೀಕರ್‌ಗಳು ಅದನ್ನು ಸರಿಯಾಗಿ ನುಡಿಯುವುದೇ ಇಲ್ಲ. ತಂಬೂರಿ ಅಂತ ಕಿವಿಗೆ ಗುರುತು ಹತ್ತುವುದು ಅದರ ಮೇಲೇಳುವ ಅನುರಣನದಿಂದ, ಅಂದರೆ ಜವಾರಿಯಿಂದ. ಅಲ್ಲಿಗೆ ಸ್ವಲ್ಪ ಜಾಗ ಕೊಟ್ಟು ಕ್ಯಾಶಿಯೋವನ್ನು ಒಂದು ಗೆರೆ ಇಳಿಸಿದರೆ ಸಾಕು. ಕ್ಯಾಶಿಯೋದವರು ಸಿಟ್ಟಾಗಬಾರದು!

ಸ್ಪೀಕರ್ ಭಜನಿಯವರ ಬೆನ್ನ ಹಿಂದೆ ಇರದೆ ಮುಂದೆ, ಜನರ ಕಡೆ ಮುಖ ಮಾಡಿರಬೇಕು. ಮಂದಿ ಕೂಡುವ ಮೊದಲೇ ಪಿಕಪ್ ಒಂದನ್ನೇ ಏರಿಸಿ ಕೇಳುವುದು, ಆಮೇಲೆ ಮೈಕ್ ಸಾವಕಾಶ ಏರಿಸುವುದು, 'ಕುಂಯ್' ಶುರುವಾದ ಕೂಡಲೇ ಸ್ವಲ್ಪ ಇಳಿಸಿ ನಿಲ್ಲಿಸುವುದು. ಹತ್ತು ಮಿನಿಟಿನ ಕೆಲಸ. ಆದರೆ ಏಕತಾರಿಯವರನ್ನು ಮೊದಲು ಕರೆದು ಕೂಡ್ರಿಸಬೇಕು. ಈಗ ಅವರನ್ನು ಕರೆಯೂದು ಎಲ್ಲಾ ಮೈಕ್ ಹಚ್ಚಿ ಮುಗಿದ ಮೇಲೆ.

ಇಷ್ಟಾದರೂ ತಂಬೂರಿ ಬಡಕಲಾಗಿಯೇ ನುಡಿದರೆ ಮಿಕ್ಸರ್ ತಿರುವಿ ಉಪಯೋಗವಿಲ್ಲ. ಕುದುರೆಯ ಮೇಲ್ಮೈ ಸವೆದಿರುತ್ತದೆ. ಮೀರಜಕ್ಕೆ ಒಯ್ದು ಜವಾರಿ ತೆಗೆಸಬೇಕು. ಎಸ್‌ಟಿ ಬಸ್ಸಿನಲ್ಲಿ ಒಯ್ಯುವವರು ತಂತಿ ಸಡಿಲು ಮಾಡಿ, ಬುರುಡೆಗೆ ಹಳೇ ಕೌದಿ ಸುತ್ತಿಕೊಂಡು ಹೋಗುವುದು ಒಳ್ಳೆಯದು.