ನಮ್ಮ ಕರಿಕಲ್ಲು ಬೆಂಕಿಯಾಗಿದ್ದ ಕಾಲ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮನೆ ಕಟ್ಟುವವರಿಗೆ ಕಲ್ಲಿನ ಚಿಂತೆ ಇಲ್ಲ. ಎಲ್ಲಿ ಅಗೆದರೂ ಕರಿಕಲ್ಲು. ಬಾವಿಯ ಕಟ್ಟೆ, ವಾಡೆಯ ಗೋಡೆ, ಬೀಸುವ ಕಲ್ಲು ಎಲ್ಲವೂ ಅದರದೇ. ವಿಜಾಪುರದ ಗೋಲಗುಮ್ಮಟ ಎದ್ದದ್ದು ಈ ಕಲ್ಲಿನಿಂದ. ಎಲ್ಲೋರದಲ್ಲಿ ನಮ್ಮ ಇಂದ್ರಸಭೆಯ ಗುಹೆಯನ್ನು ಕೊರೆದದ್ದೂ ಈ ಕಲ್ಲಿನಲ್ಲಿಯೇ. ದಿನವೂ ತುಳಿದಾಡುವ ಈ ಕಲ್ಲು ಒಂದು ಕಾಲಕ್ಕೆ ಹರಿಯುವ ಬೆಂಕಿಯಾಗಿತ್ತೆಂಬುದನ್ನು ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿ ಮರೆತಿದ್ದೇವೆ. ಆ ಕಾಲ ಹೇಗಿತ್ತು, ಆಗ ಯಾವ ಜೀವಿಗಳಿದ್ದವು ಎಂಬುದನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಈ ಲೇಖನ.

ಇದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನ ಮಾತು. ಭೂಗರ್ಭಶಾಸ್ತ್ರಜ್ಞರು ಕ್ರಿಟೇಶಿಯಸ್ ಎಂದು ಕರೆಯುವ ಯುಗದ ಕೊನೆಗಾಲ. ಆಗ ಹಿಮಾಲಯ ಇರಲಿಲ್ಲ. ನಮ್ಮ ದೇಶ ಏಷ್ಯಾ ಖಂಡಕ್ಕೆ ಇನ್ನೂ ಅಂಟಿಕೊಂಡಿರಲಿಲ್ಲ; ಸಮುದ್ರದ ನಡುವೆ ದೊಡ್ಡ ದ್ವೀಪದಂತೆ ಉತ್ತರಕ್ಕೆ ಸರಿಯುತ್ತಿತ್ತು. ಈಗಿನ ದಖ್ಖನ್ ಸೀಮೆ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಹವೆ ಇಂದಿಗಿಂತ ಬೆಚ್ಚಗೆ. ಆ ಕಾಲದ ಮಣ್ಣಿನಲ್ಲಿ ಸುಣ್ಣದ ಗಂಟುಗಳು ಸಿಗುತ್ತವೆ. ಮಳೆ ಕೆಲವು ತಿಂಗಳು ಮಾತ್ರ ಬಿದ್ದು ಉಳಿದ ಕಾಲ ಒಣಗುವ ಸೀಮೆಯಲ್ಲಿ ಇಂಥ ಗಂಟು ಕಟ್ಟುತ್ತವೆ. ಅಂದರೆ ಬರದ ಭಯ ನಮ್ಮ ನೆಲಕ್ಕೆ ಹೊಸತಲ್ಲ!

ಇಂಥ ನೆಲದ ಮೇಲೆ ಡೈನೋಸಾರ್‌ಗಳು ಓಡಾಡಿದವು. ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿ ಗ್ರಾಮದಲ್ಲಿ ಅವುಗಳ ಎಲುಬು, ತತ್ತಿ ಹೇರಳವಾಗಿ ದೊರೆತಿವೆ. ಅಲ್ಲಿ ಸಿಕ್ಕ ಒಂದು ಮಾಂಸಾಹಾರಿ ಪ್ರಾಣಿಗೆ 2003ರಲ್ಲಿ ರಾಜಾಸಾರಸ್ ಎಂದು ಹೆಸರಿಟ್ಟರು. 2023ರಲ್ಲಿ ಮಧ್ಯಪ್ರದೇಶದ ಧಾರ್ ಜಿಲ್ಲೆಯಿಂದ 92 ಗೂಡು, 256 ತತ್ತಿಗಳ ವರದಿ ಬಂತು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಿಕ್ಕದ್ದಂತೂ ಮನಸ್ಸು ಕಲಕುವಂಥದು. ಆಗತಾನೆ ತತ್ತಿಯೊಡೆದು ಬಂದ ಮರಿ, ಪಕ್ಕದಲ್ಲಿ ಸುರುಳಿ ಸುತ್ತಿದ ಸುಮಾರು ಮೂರೂವರೆ ಮೀಟರ್ ಉದ್ದದ ಹಾವು. ಮರಿಗೆ ಬಾಯಿ ಹಾಕುವ ಮೊದಲೇ ಮಣ್ಣು ಕುಸಿದು ಎರಡನ್ನೂ ಮುಚ್ಚಿರಬೇಕು. ಹಾಗೆಯೇ ಕಲ್ಲಾಗಿವೆ. ಈ ಹಾವಿನ ವಿವರ 2010ರಲ್ಲಿ ಪ್ರಕಟವಾಯಿತು.

ಇನ್ನು ಧಾನ್ಯದ ವ್ಯಾಪಾರದವರು ಕೇಳಬೇಕಾದ ಸಂಗತಿ. ಚಂದ್ರಪುರ ಜಿಲ್ಲೆಯ ಪಿಸದುರಾ ಎಂಬಲ್ಲಿ ಕಲ್ಲಾದ ಡೈನೋಸಾರ್ ಸಗಣಿ ಸಿಗುತ್ತದೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಸಂಗಡಿಗರು ಅದನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದರೊಳಗೆ ಹುಲ್ಲಿನ ಗುರುತುಗಳಿದ್ದವು. ಹುಲ್ಲಿನ ಎಲೆಯಲ್ಲಿ ಗಾಜಿನಂಥ ಸೂಕ್ಷ್ಮ ಕಣಗಳಿರುತ್ತವೆ. ಭತ್ತದ ಹೊಟ್ಟು ಗಿರಣಿಯ ಯಂತ್ರ ಸವೆಸುವುದು ಇದರಿಂದಲೇ. ಎಲೆ ಕೊಳೆತರೂ ಈ ಕಣ ಕೊಳೆಯದು, ಅದರ ಆಕಾರ ನೋಡಿ ಜಾತಿ ಹೇಳಬಹುದು. ಡೈನೋಸಾರ್ ಕಾಲದಲ್ಲಿ ಹುಲ್ಲು ಇಷ್ಟು ಬಗೆಯಲ್ಲಿ ಹರಡಿರಲಿಲ್ಲವೆಂದು ಅಲ್ಲಿಯವರೆಗೆ ಪಂಡಿತರ ಮತವಿತ್ತು. 2011ರಲ್ಲಿ ಅದೇ ತಂಡದವರು ಭತ್ತದ ಬಳಗಕ್ಕೆ ಸೇರಿದ ಹುಲ್ಲೂ ಅದರಲ್ಲಿ ಇತ್ತೆಂದು ತೋರಿಸಿದರು. ನಾವು ತಕ್ಕಡಿಯಲ್ಲಿ ತೂಗುವ ಅಕ್ಕಿಯ ವಂಶ ಅಷ್ಟು ಹಳೆಯದು. ನಲವತ್ತು ವರ್ಷ ಅಡತಿ ಅಂಗಡಿಯಲ್ಲಿ ಕುಳಿತ ನನಗೆ ಇದನ್ನು ಓದಿದಾಗ ಆದ ಬೆರಗು ಅಷ್ಟಿಷ್ಟಲ್ಲ.

ಈ ನೆಲವೇ ಆಮೇಲೆ ಸೀಳಿತು. ನಾವು ಚಿತ್ರದಲ್ಲಿ ನೋಡುವ ಶಿಖರದಂಥ ಜ್ವಾಲಾಮುಖಿ ಅಲ್ಲ. ಉದ್ದುದ್ದ ಬಿರುಕುಗಳಿಂದ ಲಾವಾರಸ ಉಕ್ಕಿ ಬಯಲೆಲ್ಲ ಹರಿಯಿತು. ಇದರ ಮುಖ್ಯ ಭಾಗ ಹತ್ತು ಲಕ್ಷ ವರ್ಷದೊಳಗೇ ಮುಗಿಯಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ, ಅಂದರೆ ಇಡೀ ಕರ್ನಾಟಕದ ಎರಡೂವರೆ ಪಾಲಿಗಿಂತ ಹೆಚ್ಚು, ಈ ಕಲ್ಲಿನಡಿ ಇದೆ. ಸಹ್ಯಾದ್ರಿಯ ಕಡೆ ಎರಡು ಕಿಲೋಮೀಟರಿಗೂ ಮಿಕ್ಕ ದಪ್ಪ. ನಮ್ಮ ಕಡೆಗೆ ಬರುತ್ತ ತೆಳುವಾಗುತ್ತದೆ. ಪದರಿನ ಮೇಲೆ ಪದರು ಕೂತದ್ದರಿಂದ ಗುಡ್ಡಗಳು ಮೆಟ್ಟಿಲಿನಂತೆ ಕಾಣುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಟ್ರ್ಯಾಪ್ ಎನ್ನುತ್ತಾರೆ; ಮೆಟ್ಟಿಲು ಎಂಬರ್ಥದ ಸ್ವೀಡನ್ ದೇಶದ ಶಬ್ದದಿಂದ ಬಂದದ್ದು.

ಲಾವಾದೊಡನೆ ಅಪಾರ ಇಂಗಾಲಾಮ್ಲವೂ ಗಂಧಕದ ಹೊಗೆಯೂ ಹೊರಬಿದ್ದವು. ಹೊಗೆ ತಂಪು ತರುವುದು, ಇಂಗಾಲಾಮ್ಲ ಕಾವು ತರುವುದು. ಹೀಗೆ ಹವೆ ಕೆಲವು ಡಿಗ್ರಿ ಏರಿಳಿಯಿತು. ಇದರ ನಡುವೆಯೇ ಮೆಕ್ಸಿಕೋ ದೇಶದ ಚಿಕ್ಸುಲೂಬ್ ಎಂಬಲ್ಲಿ ಸುಮಾರು ಹತ್ತು ಕಿಲೋಮೀಟರ್ ಅಗಲದ ಆಕಾಶದ ಬಂಡೆ ಬಂದು ಬಿತ್ತು. ಡೈನೋಸಾರ್‌ಗಳು ಅಳಿದವು, ಅವುಗಳ ಬಳಗದಲ್ಲಿ ಹಕ್ಕಿಗಳಷ್ಟೇ ಉಳಿದವು. ಅಳಿವಿಗೆ ಬಂಡೆಯೇ ಮುಖ್ಯ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಲಾವಾದ ಪಾಲು ಎಷ್ಟೆಂಬ ವಾದ ಇನ್ನೂ ನಡೆದೇ ಇದೆ.

ಆದರೆ ನನಗೆ ಹೆಚ್ಚು ವಿಚಾರಕ್ಕೆ ಹಚ್ಚಿದ್ದು ಅಳಿವಲ್ಲ, ನಡುವಿನ ಬಿಡುವು. ಲಾವಾ ಒಂದೇ ಸಮನೆ ಹರಿಯಲಿಲ್ಲ. ಒಂದು ಹರಿವು ಆರಿ ಇನ್ನೊಂದು ಬರುವುದರೊಳಗೆ ಎಷ್ಟೋ ಸಲ ಸಾವಿರಾರು ವರ್ಷ ಸಂದವು. ಅಷ್ಟರಲ್ಲಿ ಕಲ್ಲು ಮಣ್ಣಾಯಿತು, ತಗ್ಗಿನಲ್ಲಿ ಕೆರೆ ನಿಂತಿತು, ಬಸವನಹುಳು, ಮೀನು ಬಂದವು, ತಾಳೆ ಮರ ಬೆಳೆದವು. ಮೇಲೆ ಮತ್ತೆ ಲಾವಾ. ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಘುಘುವಾದಲ್ಲಿ ಕಲ್ಲಾದ ತಾಳೆ ಮರಗಳನ್ನು ಇಂದೂ ನೋಡಬಹುದು. ಮುಂಬಯಿಯ ವರಳಿ ಗುಡ್ಡದಲ್ಲಿ ಡೈನೋಸಾರ್ ಅಳಿದ ನಂತರದ ಪದರಿನೊಳಗೆ ಪುಟ್ಟ ಕಪ್ಪೆಗಳು ಕಲ್ಲಾಗಿ ಸಿಕ್ಕವು. 1847ರಲ್ಲಿಯೇ ಇಂಗ್ಲೆಂಡಿನ ರಿಚರ್ಡ್ ಓವನ್ ಅವುಗಳ ವರ್ಣನೆ ಬರೆದ.

ಜತ್ತ ಕಡೆಯ ನಮ್ಮ ಬೀಗರ ಹೊಲದಲ್ಲಿ ಎರಡು ಬೋರು ಒಣಗಿ ಹೋದವು, ಮೂರನೆಯದಕ್ಕೆ ನೀರು ಹತ್ತಿತು. ಗಟ್ಟಿ ಕರಿಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಪ್ರತಿ ಹರಿವಿನ ಮೇಲ್ಭಾಗದಲ್ಲಿ ಗಾಳಿಗುಳ್ಳೆಯ ತೂತುಗಳಿರುತ್ತವೆ. ಆ ಬಿಡುವಿನ ಕಾಲದಲ್ಲಿ ಬಿಸಿಲು ಮಳೆಗೆ ಅದು ಸಡಿಲವಾಗಿರುತ್ತದೆ. ನೀರು ಸಿಗುವುದು ಹೆಚ್ಚಾಗಿ ಅಲ್ಲಿ, ಇಲ್ಲವೆ ಬಿರುಕಿನಲ್ಲಿ. ನಮ್ಮ ಬಾವಿ ತೋಡುವ ವಡ್ಡರಿಗೆ ಈ ಪದರುಗಳ ಗುರುತು ಚೆನ್ನಾಗಿತ್ತು. ಕರಿಕಲ್ಲು ಮುಗಿದು ತೂತುಗಲ್ಲು ಬಂತೆಂದರೆ ಸುತ್ತಿಗೆಯ ಸಪ್ಪಳವೇ ಬದಲಾಗುತ್ತದೆ ಎಂದು ಅವರು ಹೇಳುತ್ತಿದ್ದರು.