ಇಬ್ಬರಾಗಿ ಹೋಗುವ ಸೇವೆ

ಕ್ರೈಸ್ತ ಯುವಜನರ ಕೂಟಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಒಂದು ಅನ್ಯೋನ್ಯತೆ, ಇನ್ನೊಂದು ಸೇವೆ. ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ಇವು ‘ಕೊಯಿನೋನಿಯಾ’ ಮತ್ತು ‘ದಿಯಾಕೋನಿಯಾ’. ಎರಡೂ ಗುಡಿಯೊಳಗೆ ಹುಟ್ಟಿದ ಪದಗಳಲ್ಲ. ಮೊದಲನೆಯದು ಪಾಲುಗಾರಿಕೆಯನ್ನು ಸೂಚಿಸುತ್ತದೆ. ಒಟ್ಟಿಗೆ ಬಲೆ ಬೀಸುವ ಬೆಸ್ತರನ್ನು ಪಾಲುಗಾರರೆನ್ನಲು ಲೂಕನ ಸುವಾರ್ತೆ ಬಳಸುವುದು ಇದೇ ಮೂಲದ ಪದವನ್ನು. ಎರಡನೆಯದು ಪಂಕ್ತಿಯಲ್ಲಿ ಬಡಿಸುವ ಕೆಲಸಕ್ಕೂ ಸಲ್ಲುತ್ತಿದ್ದ ದಿನಬಳಕೆಯ ಮಾತು.

ಹೊರಗಿನವರ ಕಣ್ಣಿಗೆ ಬೀಳುವುದು ಸೇವೆ ಮಾತ್ರ. ಆಸ್ಪತ್ರೆಯ ಭೇಟಿ, ರಕ್ತದಾನ, ನೆರೆ ಬಂದಾಗ ಅಕ್ಕಿ ಬೇಳೆಯ ಸಂಗ್ರಹ ಇವೆಲ್ಲ ಕಾಣುತ್ತವೆ. ಅದರ ಹಿಂದಿರುವ ಅನ್ಯೋನ್ಯತೆ ಕಾಣುವುದಿಲ್ಲ. ಆದರೆ ಇತಿಹಾಸವನ್ನು ನೋಡಿದರೆ, ಮೊದಲನೆಯದಿಲ್ಲದೆ ಎರಡನೆಯದು ಬಹುಕಾಲ ಬಾಳಿದ್ದು ಕಡಿಮೆ. ಹಾಸನ ಸೀಮೆಗೆ ಬಂದ ಕ್ರೈಸ್ತಧರ್ಮದ ಎರಡು ಮುಖ್ಯ ಕವಲುಗಳೂ ಇದನ್ನೇ ಹೇಳುತ್ತವೆ.

ಮೊದಲ ಕವಲು ಫ್ರೆಂಚ್ ಕ್ಯಾಥೋಲಿಕ್ ಗುರುಗಳದು. ಅಬ್ಬೆ ದುಬಾಯ್ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟಾಗ ಅವರಿಗೆ 26 ವರ್ಷ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ಅವರನ್ನು ಒಕ್ಕಲುತನಕ್ಕೆ ಹಚ್ಚಿದರು. ಸಿಡುಬಿನ ವಿರುದ್ಧ ಜೆನ್ನರನ ಲಸಿಕೆ ಆಗಿನ್ನೂ ಹೊಸದು. ಜನ ಅದಕ್ಕೆ ತೋಳು ಕೊಡಲು ಹೆದರುತ್ತಿದ್ದ ಆ ಕಾಲದಲ್ಲಿ, 1803-04ರ ಅವಧಿಯಲ್ಲಿ 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ.

ಇದೇ ದುಬಾಯ್ 1823ರಲ್ಲಿ ಭಾರತ ಬಿಟ್ಟು ಹೋದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಗೊಳಿಸುವ ಯತ್ನ ಫಲ ಕೊಡುವಂಥದ್ದಲ್ಲ ಎಂದು ವಾದಿಸಿದರು. ಇತರ ಮಿಷನರಿಗಳಿಗೆ ಈ ಮಾತು ಹಿಡಿಸಲಿಲ್ಲ. ಆದರೆ ಇದರಲ್ಲೊಂದು ಅರ್ಥವಿದೆ. ಮತಾಂತರದ ಆಸೆ ಕೈಬಿಟ್ಟವರ ಬದುಕಿನಲ್ಲಿಯೂ ಲಸಿಕೆಯ ಕೆಲಸ ವ್ಯರ್ಥವಾಗಲಿಲ್ಲ. ಸಿಡುಬಿನಿಂದ ಉಳಿದ ಮಗು ಉಳಿಯಿತು. ಸೇವೆಯ ಬೆಲೆಯನ್ನು ಬೇರೆ ಯಾವ ಫಲದಿಂದಲೂ ಅಳೆಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಹಾಸನದವರಿಗೆ ಸಿಗಲಾರದು.

ಎರಡನೆಯ ಕವಲು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರದು. 19ನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಇವರು ಶಾಲೆ, ಮುದ್ರಣ, ವೈದ್ಯಕೀಯಗಳಲ್ಲಿ ತೊಡಗಿದರು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಈ ಪರಂಪರೆಯದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಸ್ಥಾಪನೆಯಾದಾಗ ಈ ಮೆಥಡಿಸ್ಟ್ ಸಭೆಗಳು ಅದರಲ್ಲಿ ಸೇರಿಕೊಂಡವು.

ಇಲ್ಲಿಯವರೆಗಿನ ಕಥೆಯಲ್ಲಿ ಸೇವೆ ಮಾಡಿದವರು ಗುರುಗಳು, ಮಿಷನರಿಗಳು, ವೈದ್ಯರು. ಸಾಮಾನ್ಯ ಯುವಕ ಯುವತಿಯರು ಎಲ್ಲಿಂದ ಬಂದರು? ಕುತೂಹಲದ ಸಂಗತಿಯೆಂದರೆ, ಎರಡೂ ಪರಂಪರೆಗಳಲ್ಲಿ ಈ ಪ್ರಶ್ನೆಯ ಉತ್ತರ ಕಾಲೇಜು ಹುಡುಗರ ಒಂದು ಸಣ್ಣ ಗುಂಪಿಗೆ ಹೋಗಿ ಮುಟ್ಟುತ್ತದೆ.

1729ರಲ್ಲಿ ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ವೆಸ್ಲಿ ಮತ್ತು ಕೆಲವು ಗೆಳೆಯರು ಒಟ್ಟಿಗೆ ಓದಲು, ಪ್ರಾರ್ಥಿಸಲು ಕೂಡತೊಡಗಿದರು. ಅಣ್ಣ ಜಾನ್ ವೆಸ್ಲಿ ಅವರ ಮುಂದಾಳಾದ. ಮರುವರ್ಷ ವಿಲಿಯಂ ಮಾರ್ಗನ್ ಎಂಬ ವಿದ್ಯಾರ್ಥಿ ಗೆಳೆಯರನ್ನು ಊರಿನ ಸೆರೆಮನೆಗೆ ಕರೆದೊಯ್ದ. ಅಂದಿನಿಂದ ಕೈದಿಗಳ ಭೇಟಿ ಈ ಗುಂಪಿನ ವ್ರತವಾಯಿತು. ಎಲ್ಲಕ್ಕೂ ಹೊತ್ತು, ಕ್ರಮ ಇಟ್ಟುಕೊಂಡಿದ್ದ ಇವರನ್ನು ಗೇಲಿ ಮಾಡಲು ಸಹಪಾಠಿಗಳು ಇಟ್ಟ ಹೆಸರೇ ‘ಮೆಥಡಿಸ್ಟ್’.

1742ರಲ್ಲಿ ಬ್ರಿಸ್ಟಲಿನಲ್ಲಿ ಇನ್ನೊಂದು ಹೆಜ್ಜೆ. ಪ್ರಾರ್ಥನಾಮಂದಿರದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಒಬ್ಬ ಸದಸ್ಯ ಸೂಚಿಸಿದ. ಬಡವರು ಕೊಡಲಾರರಲ್ಲ ಎಂಬ ಆಕ್ಷೇಪ ಬಂತು. ಹಾಗಾದರೆ ಹನ್ನೊಂದು ಮಂದಿ ಬಡವರನ್ನು ನನಗೇ ಬಿಡಿ, ಅವರು ಕೊಡಲಾಗದ್ದನ್ನು ನಾನು ತುಂಬುತ್ತೇನೆ ಎಂದು ಆತ ಒಪ್ಪಿಕೊಂಡ. ಹೀಗೆ ಹನ್ನೆರಡು ಮಂದಿಗೊಬ್ಬ ಮುಂದಾಳು ವಾರವಾರ ಮನೆಮನೆಗೆ ಹೋಗತೊಡಗಿದ. ಹಣ ಎತ್ತಲು ಹೋದವರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾರ ಮನೆಯಲ್ಲಿ ಜಗಳ ಎಂಬುದು ತಿಳಿಯಿತು. ಸಾಲ ವಸೂಲಿಯ ಏರ್ಪಾಡು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಏರ್ಪಾಡಾಗಿ ಬದಲಾಯಿತು.

ನೂರು ವರ್ಷಗಳ ಅನಂತರ ಪ್ಯಾರಿಸ್. ಅಲ್ಲಿನ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ, ನಿಮ್ಮ ಧರ್ಮ ಹಿಂದೆ ಏನೋ ಮಾಡಿರಬಹುದು, ಈಗ ನೀವು ಬಡವರಿಗೆ ಏನು ಮಾಡುತ್ತಿದ್ದೀರಿ ಎಂಬ ಸವಾಲು ಕ್ಯಾಥೋಲಿಕ್ ಹುಡುಗರಿಗೆ ಎದುರಾಯಿತು. ಫ್ರೆಡರಿಕ್ ಓಜನಾಂ ಅದಕ್ಕೆ ವಾದದಿಂದ ಉತ್ತರಿಸಲಿಲ್ಲ. 1833ರ ಏಪ್ರಿಲ್ 23ರಂದು, ತನ್ನ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಗೆಳೆಯರೊಂದಿಗೆ ಸಂತ ವಿನ್ಸೆಂಟ್ ದೆ ಪಾಲ್ ಸಂಘದ ಮೊದಲ ಸಭೆ ಸೇರಿದ. ಬಡವರ ಕೇರಿಯ ಪರಿಚಯವಿದ್ದ ರೊಸಾಲಿ ರಾಂದು ಎಂಬ ಧರ್ಮಭಗಿನಿ ಯಾವ ಮನೆಗೆ ಹೋಗಬೇಕು, ಹೇಗೆ ಮಾತಾಡಬೇಕು ಎಂಬುದನ್ನು ಈ ಹುಡುಗರಿಗೆ ಕಲಿಸಿದಳು. 1997ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿಶ್ವ ಯುವಜನ ಸಮ್ಮೇಳನದ ಸಂದರ್ಭದಲ್ಲಿಯೇ ಓಜನಾಂನನ್ನು ‘ಪುನೀತ’ ಎಂದು ಘೋಷಿಸಲಾಯಿತು.

ಕರ್ನಾಟಕದ ಅನೇಕ ಧರ್ಮಕೇಂದ್ರಗಳಲ್ಲಿ ಈ ಸಂಘ ಇಂದಿಗೂ ಇದೆ. ಅದರ ಕಟ್ಟಳೆಗಳು ಸರಳ. ತಪ್ಪದೆ ಸಭೆ ಸೇರಬೇಕು. ಸಭೆಯ ಕೊನೆಯಲ್ಲಿ ಗುಪ್ತ ಕಾಣಿಕೆ ಎತ್ತಬೇಕು. ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ತಿಳಿಯಬಾರದು. ಬಡವರನ್ನು ಕರೆಸಿಕೊಳ್ಳದೆ ಅವರ ಮನೆಗೇ ಹೋಗಬೇಕು, ಅದೂ ಇಬ್ಬರಾಗಿ ಹೋಗಬೇಕು. ಜಾತಿಮತ ನೋಡಬಾರದು.

ಇಬ್ಬರಾಗಿ ಏಕೆ? ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದನೆಂಬ ಸುವಾರ್ತೆಯ ಮಾತು ಒಂದು ಕಾರಣ. ಬಳಕೆಯ ಕಾರಣಗಳೂ ಇವೆ. ಒಬ್ಬನೇ ಹೋದರೆ ಕೊಡುವವನು, ತೆಗೆದುಕೊಳ್ಳುವವನು ಎಂಬ ಭೇದ ಗಟ್ಟಿಯಾಗುತ್ತದೆ. ಇಬ್ಬರು ಹೋದರೆ ಅದು ನೆಂಟರು ಬಂದ ಹಾಗೆ. ಒಬ್ಬನಿಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತದೆ. ಲೆಕ್ಕಕ್ಕೂ ನಡತೆಗೂ ಒಬ್ಬರಿಗೊಬ್ಬರು ಸಾಕ್ಷಿ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬನಿಗೆ ಬೇಸರ ಬಂದ ವಾರ ಇನ್ನೊಬ್ಬ ಎಳೆದೊಯ್ಯುತ್ತಾನೆ. ಉತ್ಸಾಹ ವಾರಕ್ಕೊಮ್ಮೆ ಇಳಿಯುತ್ತದೆ, ಗೆಳೆತನ ಅಷ್ಟು ಬೇಗ ಇಳಿಯುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಕ್ರಮಕ್ಕೆ ವಿಚಾರದ ಬಲವೂ ಕೂಡಿಬಂತು. ಬೆಲ್ಜಿಯಂನ ಜೋಸೆಫ್ ಕಾರ್ದಿನ್ 1925ರಲ್ಲಿ ಕಟ್ಟಿದ ಕಾರ್ಮಿಕ ಯುವಕರ ಸಂಘಟನೆ ‘ನೋಡು, ಪರಿಶೀಲಿಸು, ಕಾರ್ಯಕ್ಕಿಳಿ’ ಎಂಬ ಮೂರು ಮೆಟ್ಟಿಲುಗಳನ್ನು ಹೇಳಿಕೊಟ್ಟಿತು. 1965ರಲ್ಲಿ ಮುಗಿದ ಎರಡನೆಯ ವ್ಯಾಟಿಕನ್ ಮಹಾಸಭೆ, ಶ್ರೀಸಾಮಾನ್ಯರ ಸೇವೆ ಗುರುಗಳು ವಹಿಸಿಕೊಡುವ ಚಾಕರಿಯಲ್ಲ, ದೀಕ್ಷಾಸ್ನಾನದಿಂದಲೇ ಬರುವ ಹೊಣೆ ಎಂದಿತು. ಪೂಜೆ ಲ್ಯಾಟಿನ್ನಿನಿಂದ ಜನರ ನುಡಿಗೆ ಬಂದದ್ದೂ ಆಗಲೇ. ಕನ್ನಡದಲ್ಲಿ ಹಾಡಲು ಗಾಯನವೃಂದ ಬೇಕಾಯಿತು, ಹಾಡಲು ಬಂದ ಹುಡುಗ ಹುಡುಗಿಯರು ಒಂದು ಬಳಗವಾದರು. ಎಷ್ಟೋ ಊರುಗಳಲ್ಲಿ ಸೇವೆಯ ಗುಂಪು ಹುಟ್ಟುವುದು ಹಾಡಿನ ಅಭ್ಯಾಸದ ಸಂಜೆಗಳಲ್ಲಿಯೇ.

ಸೇವೆಯ ನೆಪದಲ್ಲಿ ಮತಾಂತರ ನಡೆಯುತ್ತದೆ ಎಂಬ ಆಪಾದನೆಯನ್ನು ಇಲ್ಲಿ ಮರೆಯುವಂತಿಲ್ಲ. ನೆರವಿಗೆ ಷರತ್ತು ಹಾಕಿದರೆ ಅದು ವ್ಯಾಪಾರ. ಅದನ್ನು ಸೇವೆಯೆಂದು ಕರೆಯಲು ಕ್ರೈಸ್ತ ಬೋಧನೆಯಲ್ಲಿಯೂ ಎಡೆಯಿಲ್ಲ. ಹಾಗೆಂದು ಪ್ರತಿಯೊಂದು ನೆರವನ್ನೂ ಗುಮಾನಿಯಿಂದ ನೋಡಿದರೆ ನಷ್ಟ ಕಾಯಿಲೆಯವನಿಗೆ. ದಾಸೋಹದ ನಾಡಿನಲ್ಲಿ ಇದು ಅರ್ಥವಾಗದ ವಿಷಯವಲ್ಲ. ಮಾಡಿದೆನೆಂಬ ಭಾವ ಮನದಲ್ಲಿ ಹೊಳೆಯಬಾರದೆಂದು ಶರಣರು ಬಯಸಿದರು. ಗುಪ್ತ ಕಾಣಿಕೆಯ ಚೀಲದ ಆಶಯವೂ ಅದೇ.

ಈಗಿನ ಚಿಂತೆ ಬೇರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡಾ 1.87. ಹಾಸನ ಜಿಲ್ಲೆಯಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂತಹ ತಾಲ್ಲೂಕು ಊರುಗಳಲ್ಲಿ ಇಂಥ ಬಳಗಗಳು ಸಹಜವಾಗಿಯೇ ಚಿಕ್ಕವು. ಓದು ಮುಗಿಸಿದ ನಾಲ್ಕು ಮಂದಿ ಬೆಂಗಳೂರಿನ ಬಸ್ಸು ಹತ್ತಿದರೆ ಗಾಯನವೃಂದವೂ ಹೋಯಿತು, ಆಸ್ಪತ್ರೆಯ ಭೇಟಿಯೂ ನಿಂತಿತು.

ಹೇಮಾವತಿಯ ದಂಡೆಯ ಶೆಟ್ಟಿಹಳ್ಳಿ ಇಲ್ಲಿ ನೆನಪಾಗುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅಲ್ಲಿನ ದೇವಾಲಯ ಗೊರೂರಿನ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಗೆಯಲ್ಲಿ ಎದ್ದು ನಿಲ್ಲುವ ಆ ಪಾಳುಗೋಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದವರು ಮಾತ್ರ ಬೇರೆಡೆ ನೆಲೆ ಕಂಡುಕೊಂಡರು. ಆಗ ಊರಿಗೆ ಊರೇ ಎದ್ದುಹೋಗಿತ್ತು. ಈಗ ಊರು ಇದ್ದಲ್ಲಿಯೇ ಇದೆ, ಯುವಕರು ಮಾತ್ರ ಏಳುತ್ತಿದ್ದಾರೆ.

ಇದಕ್ಕೆ ದೊಡ್ಡ ಯೋಜನೆಯ ಪರಿಹಾರವೇನೂ ಇಲ್ಲ. ಆಕ್ಸ್‌ಫರ್ಡಿನ ಗುಂಪೂ ಪ್ಯಾರಿಸಿನ ಗುಂಪೂ ಬೆರಳೆಣಿಕೆಯ ಮಂದಿಯಿಂದಲೇ ಆರಂಭವಾದವು, ಕೂಡಿದವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೇ ಆಗಿದ್ದರು. ಹೋಗುವವರು ಹೋಗುವ ಮೊದಲು ಇನ್ನಿಬ್ಬರನ್ನು ಜೊತೆಗೆ ಕರೆದೊಯ್ದು ಮನೆಗಳನ್ನು ತೋರಿಸಿಕೊಟ್ಟರೆ ಸರಪಳಿ ಕಡಿಯುವುದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಮುಂದಿನ ಭಾನುವಾರ ಯಾರಾದರೂ ಬಂದಾರೆಯೇ ಎಂದು ಕಾಯುವ ಮುದುಕಿಗೆ ಬೇಕಾದದ್ದೂ ಅಷ್ಟೇ.